ಜೀಪು ಹೊರಟ ಮೇಲೆ ಬಂದ ಹಕ್ಕಿಗಳು

ಮಾರ್ಚ್ 4

ಅಪ್ಪನಿಗೆ,

ಬಂದು ಮುಟ್ಟಿದ್ದೇನೆ. ಮನೆ ಬಿಡುವಾಗ ನೀವು ಪೇಪರಿನಿಂದ ತಲೆ ಎತ್ತದೆ, "ಹೋಗು, ಹೋಗಿ ಹದ್ದು ಎಣಿಸು, ಅದೇ ಹೊಟ್ಟೆ ತುಂಬಿಸುತ್ತೆ" ಅಂದಿರಲ್ಲ, ಆ ಮಾತು ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲೇ ಕೂತು ಬಂತು. ಟಿಕೆಟ್ ಮಾತ್ರ ತೆಗೆದುಕೊಳ್ಳಲಿಲ್ಲ.

ಇಲ್ಲಿ ಫೋನು ಸಿಗುವುದಿಲ್ಲ. ಬೆಳಗ್ಗೆ ಹಾಲಿನ ವ್ಯಾನು ಗುಡ್ಡ ಹತ್ತಿ ಬರುತ್ತದೆ, ಪತ್ರಗಳು ಅದರಲ್ಲೇ ಬಂದು ಅದರಲ್ಲೇ ಹೋಗಬೇಕು. ನಾನಿರುವುದು ರಸ್ತೆ ರಿಪೇರಿಯವರು ಸಲಿಕೆ, ಡಾಂಬರಿನ ಡ್ರಮ್ಮು ಇಡುತ್ತಿದ್ದ ಶೀಟಿನ ಕೋಣೆಯಲ್ಲಿ. ಒಂದು ಮಂಚ, ಒಂದು ಕಾಲಿಗೆ ಇಟ್ಟಿಗೆ ಕೊಟ್ಟ ಮೇಜು, ಒಂದು ಸ್ಟೌ. ಬಾಗಿಲು ತೆರೆದರೆ ಎದುರಿಗೇ ಎರಡು ಗುಡ್ಡಗಳ ನಡುವಿನ ಸಂದು. ಚಳಿಗಾಲವನ್ನು ದಕ್ಷಿಣದಲ್ಲಿ ಕಳೆದ ಗಿಡುಗ, ಹದ್ದು, ಡೇಗೆಗಳು ವಸಂತ ಬಂತೆಂದರೆ ಮರಿ ಮಾಡಲು ಉತ್ತರಕ್ಕೆ ಹೊರಡುತ್ತವೆ. ಎಲ್ಲೆಲ್ಲಿಂದಲೋ ಹಾರಿ ಬಂದವು ಇಲ್ಲಿ ಒತ್ತಾಗಿ ದಾಟುತ್ತವೆ. ಇದೇ ಸಂದಿನಲ್ಲಿ ಹದಿನಾಲ್ಕು ಗಾಳಿಯಂತ್ರ ನಿಲ್ಲಿಸುತ್ತಾರಂತೆ. ಗಾಳಿಯಂತ್ರದ ಮೇಲೆ ನನಗೇನೂ ಹಗೆಯಿಲ್ಲ. ಪಕ್ಕದ ಬೋಳುಗುಡ್ಡದಲ್ಲೂ ಇಷ್ಟೇ ಗಾಳಿ ಬೀಸುತ್ತದೆ, ಅಲ್ಲಿ ನಿಲ್ಲಿಸಲಿ. ಏಪ್ರಿಲಿನಲ್ಲಿ ವಿಚಾರಣೆ ಇದೆ, ಅಷ್ಟರಲ್ಲಿ ಇಲ್ಲಿ ಎಷ್ಟು ಹಕ್ಕಿ ದಾಟುತ್ತವೆಂದು ನಾವು ತೋರಿಸಬೇಕು.

ನಾವು ಅಂದರೆ ಇಬ್ಬರು. ಒಂಬತ್ತು ಕಿಲೋಮೀಟರ್ ಕೆಳಗೆ ಸೇತುವೆಯ ಹತ್ತಿರ ನಿವೃತ್ತ ಬಸ್ ಡ್ರೈವರ್ ಒಬ್ಬರು ಕೂತು ಎಣಿಸುತ್ತಾರೆ. ನಾನವರನ್ನು ಡ್ರೈವರಣ್ಣ ಅನ್ನುತ್ತೇನೆ. "ಮೂವತ್ತು ವರ್ಷ ರಸ್ತೆ ನೋಡಿ ಸಾಕಾಯ್ತಮ್ಮ, ಸ್ವಲ್ಪ ಮೇಲೂ ನೋಡೋಣ ಅಂತ ಬಂದೆ" ಅನ್ನುತ್ತಾರೆ. ಎಣಿಸುವ ವಿದ್ಯೆ ಕಲಿಸಿದವರೂ ಅವರೇ. ಬಿಸಿಲಿಗೆ ನೆಲ ಕಾದು ಬಿಸಿಗಾಳಿ ಮೇಲೇಳುತ್ತದಲ್ಲ, ಹಕ್ಕಿಗಳು ಅದರೊಳಗೆ ರೆಕ್ಕೆ ಬಡಿಯದೆ ಸುತ್ತುತ್ತ ಏರುತ್ತವೆ. ಸುತ್ತುವಾಗ ಎಣಿಸಿದರೆ ಲೆಕ್ಕ ಕೆಟ್ಟಿತು. ತುದಿ ಮುಟ್ಟಿ ಒಂದರ ಹಿಂದೊಂದು ಜಾರಿ ಹೊರಡುವಾಗ ಎಣಿಸಬೇಕು. ಬೆಳಗ್ಗೆ ಏನೂ ಇರುವುದಿಲ್ಲ. ಹನ್ನೆರಡು ದಾಟಿದ ಮೇಲೆ ಕತ್ತು ಇಳಿಸಲು ಪುರುಸೊತ್ತಿಲ್ಲ.

ಆಸ್ಪತ್ರೆಯವರು ಫೋನು ಮಾಡಿದರೆ ಸುಳ್ಳು ಹೇಳಬೇಡಿ. ಲ್ಯಾಬಿನಲ್ಲಿ ರಕ್ತದ ಕಣ ಎಣಿಸುತ್ತಿದ್ದವಳು ಈಗ ಹದ್ದು ಎಣಿಸುತ್ತಿದ್ದಾಳೆ, ಮೇ ತಿಂಗಳವರೆಗೆ ಬರುವುದಿಲ್ಲ ಎಂದು ಹೇಳಿ.

ಇಂತಿ,
ನಿಮ್ಮ ಮಾತು ಕೇಳದ ಮಗಳು


ಮಾರ್ಚ್ 12

ಮೊಂಡಿಗೆ,

ಪತ್ರ ತಲುಪಿತು. ಆಸ್ಪತ್ರೆಯ ಮೇಲ್ವಿಚಾರಕರು ಎರಡು ಸಲ ಫೋನು ಮಾಡಿದ್ದರು. ಮಂಜೂರಾಗದ ರಜೆ ರಜೆಯಲ್ಲ, ಗೈರುಹಾಜರಿ. ಇದು ನಿನಗೆ ತಿಳಿಯದ್ದೇನಲ್ಲ. ಮೂವತ್ತೊಂದು ವರ್ಷ ಸರ್ವೆ ಆಫೀಸಿನಲ್ಲಿ ದುಡಿದ ನಾನು ಒಂದು ದಿನವೂ ಹೇಳದೆ ಕೇಳದೆ ಮನೆಯಲ್ಲಿ ಕೂತವನಲ್ಲ. ನನ್ನ ಮೇಲೆ ಒಂದು ಕೆಂಪು ಗೆರೆ ಬಿದ್ದಿಲ್ಲ.

ಆ ಸಂದು ನನಗೆ ಗೊತ್ತು. ನೀನು ಕಾಲೇಜು ಮುಗಿಸುವ ಮೊದಲೇ ಸರಪಳಿ ಹಿಡಿದು ಅಳೆದಿದ್ದೇನೆ. ಅಲ್ಲಿ ಗಾಳಿ ಬಿಟ್ಟರೆ ಬೇರೇನೂ ಇಲ್ಲ. ವ್ಯರ್ಥ ಹಟ ಸಾಕು, ವಾಪಸು ಬಾ.

ಅಪ್ಪ

ಅಂಚಿನಲ್ಲಿ ಬರೀತಿರೋದು ಅಮ್ಮ. ಲಕೋಟೆ ಅಂಟಿಸೋಕೆ ನನ್ನ ಕೈಗೆ ಕೊಟ್ಟಿದ್ದಾರೆ, ಅಂಟಿಸೋ ಮೊದ್ಲು ನಾನೂ ಎರಡು ಸಾಲು. ಮೂಲೆಯಲ್ಲಿ ನಿನ್ನ ಉಣ್ಣೆ ಟೋಪಿ ಉಳ್ಕೊಂಡಿತ್ತು, ಕಳಿಸ್ತೀನಿ. ಆ ಗುಡ್ಡದ ಹೆಸರೆತ್ತಿದ್ರೆ ಇವರಿಗೆ ಯಾಕೋ ಮೈ ಉರಿಯುತ್ತೆ. ಯಾಕೆ ಅಂತ ಕೇಳಿದ್ರೆ ಟೀವಿ ಜೋರು ಮಾಡ್ತಾರೆ.


ಮಾರ್ಚ್ 21

ಅಪ್ಪನಿಗೆ,

ನಮ್ಮನ್ನು ಇಲ್ಲಿ ಎಣಿಸಲು ಕೂರಿಸಿದ ಪಕ್ಷಿ ಸಂಘದ ಕಾರ್ಯದರ್ಶಿ ನಿನ್ನೆ ಬಂದಿದ್ದರು. ಗಾಳಿಯಂತ್ರದವರು ವಿಚಾರಣೆಗೆ ಹಾಜರುಪಡಿಸಲಿರುವ ಹಳೆಯ ವರದಿಯ ನಕಲು ತಂದಿದ್ದರು. ಎಂಟು ವರ್ಷದ ಹಿಂದೆ ಈ ಯೋಜನೆಯ ಮಾತು ಮೊದಲು ಎದ್ದಾಗ ನಿಮ್ಮ ಸರ್ವೆ ಆಫೀಸು ಮಾಡಿಸಿದ್ದು. "ಆರು ದಿನಗಳ ವೀಕ್ಷಣೆಯಲ್ಲಿ ಕಂಡ ಬೇಟೆಹಕ್ಕಿಗಳು: ಹನ್ನೊಂದು. ಸದರಿ ಸ್ಥಳವು ಹಕ್ಕಿಗಳ ವಲಸೆ ಮಾರ್ಗವಲ್ಲ." ಕೆಳಗೆ ಸಹಿ. ಆ ಸಹಿಯನ್ನು ನಾನು ಹತ್ತು ವರ್ಷ ನನ್ನ ಪ್ರೋಗ್ರೆಸ್ ಕಾರ್ಡಿನ ಮೇಲೆ ನೋಡಿದ್ದೇನೆ. ಕಾರ್ಯದರ್ಶಿ, "ಇದ್ಯಾವನೋ ಕಣ್ಣು ಕಾಣದೋನು" ಅಂದರು. "ನಮ್ಮಪ್ಪ" ಅಂದೆ. ಪಾಪ, ಅವರು ಕುಡಿಯುತ್ತಿದ್ದ ಚಹಾ ಅಲ್ಲೇ ಇಟ್ಟು ಎದ್ದುಬಿಟ್ಟರು.

ನಿನ್ನೆ ಒಂದು ಮಧ್ಯಾಹ್ನದಲ್ಲಿ ನಾನೊಬ್ಬಳೇ ಇನ್ನೂರ ಎಂಬತ್ತು ಎಣಿಸಿದೆ. ನಿಮಗೆ ಆರು ದಿನಕ್ಕೆ ಹನ್ನೊಂದು. ನೀವು ಸುಳ್ಳು ಬರೆಯುವವರಲ್ಲ, ಅದು ನನಗೆ ಗೊತ್ತು. ಅದಕ್ಕೇ ವರದಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲ ಕಲಮೂ ತುಂಬಿದ್ದೀರಿ. ಗಾಳಿಯ ದಿಕ್ಕು, ಮೋಡ, ಜೀಪಿನ ನಂಬರು ಸಹ. "ವೀಕ್ಷಣೆಯ ಸಮಯ" ಎಂಬ ಒಂದೇ ಒಂದು ಕಲಮು ಖಾಲಿ ಇದೆ. ಮನೆಯಲ್ಲಿ ಹಾಲಿನವನ ಚೀಟಿಯಲ್ಲೂ ಖಾಲಿ ಜಾಗ ಬಿಡದವರು ನೀವು.

ಜೀಪು ಹನ್ನೆರಡಕ್ಕೆ ವಾಪಸಾಗುತ್ತಿತ್ತು, ಅಲ್ಲವೇ? ಆಫೀಸಿನ ಜೀಪು ಮಧ್ಯಾಹ್ನದ ಊಟಕ್ಕೆ ಸರಿಯಾಗಿ ನಿಮ್ಮನ್ನು ಮನೆಗೆ ಬಿಡುತ್ತಿದ್ದುದು ನನಗೂ ನೆನಪಿದೆ. ಅಷ್ಟನ್ನು ಬರೆದುಕೊಡಿ. "ನಾನು ಹನ್ನೆರಡರವರೆಗೆ ಮಾತ್ರ ನೋಡಿದೆ" ಎಂಬ ಒಂದು ವಾಕ್ಯ ಸಾಕು, ಆ ವರದಿ ಅಲ್ಲೇ ಕುಸಿಯುತ್ತದೆ.

ನಮ್ಮಿಬ್ಬರ ಹದಿನೇಳು ದಿನದ ಪಟ್ಟಿಗಳ ನಕಲು ಇಟ್ಟಿದ್ದೇನೆ. ಗಾಳಿ ಬಿಟ್ಟರೆ ಬೇರೇನೂ ಇಲ್ಲ ಅಂದಿರಲ್ಲ, ನೋಡಿ.

ಮಗಳು


ಏಪ್ರಿಲ್ 1

ಪುಟ್ಟಿ,

ಇವತ್ತು ಪೂರ್ತಿ ಪತ್ರ ನಂದೇ. ನೀನು ಕಳಿಸಿದ ಪಟ್ಟಿ ಬಂದ ದಿನ ನಿಮ್ಮಪ್ಪ ಅದನ್ನ ಹಳೇ ಪೇಪರ್ ಗಂಟಿಗೆ ಎಸೆದ್ರು. ಮಾರನೇ ದಿನ ಹೋಗಿ ತಂದ್ಕೊಂಡ್ರು. ಅವತ್ತಿಂದ ಊಟದ ಮೇಜು ಅವರದ್ದೇ. ನಾನು ತಟ್ಟೆ ಮಡಿಲಲ್ಲಿಟ್ಕೊಂಡು ಉಣ್ತಿದ್ದೀನಿ. ಸ್ಕೇಲು, ಕೆಂಪು ಪೆನ್ಸಿಲ್ಲು, ನಿನ್ನ ಪಟ್ಟಿ ಒಂದು ಕಡೆ, ಆ ಡ್ರೈವರ್ ಪಟ್ಟಿ ಇನ್ನೊಂದು ಕಡೆ. ಏನೋ ಸಿಕ್ಕಿದೆ ಅವರಿಗೆ. ಮೊನ್ನೆ ಒಬ್ರೇ ನಕ್ರು.

ನೀನು ಕೇಳಿದ್ದಕ್ಕೆ ಮಾತ್ರ ಬಾಯಿ ಬಿಡ್ತಿಲ್ಲ. ಒಂದು ವಿಷಯ ನಂಗೆ ನೆನಪಿದೆ. ಆ ಗುಡ್ಡದ ಕೆಲಸದ ಕೊನೇ ದಿನ ಜೀಪು ಕೆಟ್ಟು ಸಂಜೆ ಮನೆಗೆ ಬಂದ್ರು. ಕೈಕಾಲು ತೊಳೀದೆ ಹಾಗೇ ಕುರ್ಚೀಲಿ ಕೂತ್ರು. ಊಟ ಬೇಡ ಅಂದ್ರು. ಜೀಪು ಕೆಟ್ಟಿದ್ದಕ್ಕೆ ಇಷ್ಟು ಬೇಜಾರಾ ಅಂತ ನಾನು ತಮಾಷೆ ಮಾಡಿದ್ದೆ.

ಟೋಪಿ ಹಾಕ್ಕೋ.

ಅಮ್ಮ


ಏಪ್ರಿಲ್ 3

ಮೊಂಡಿಗೆ,

ಪಟ್ಟಿಗಳನ್ನು ಪರಿಶೀಲಿಸಿ ವಾಪಸು ಕಳಿಸುತ್ತಿದ್ದೇನೆ. ಕೆಂಪು ಗೆರೆಗಳನ್ನು ಗಮನಿಸು.

ಸೇತುವೆಯ ಹತ್ತಿರ ನಿನ್ನ ಡ್ರೈವರ್ ಹನ್ನೆರಡು ಇಪ್ಪತ್ತಕ್ಕೆ ನಲವತ್ತು ಹಕ್ಕಿ ಕಂಡರೆ, ಮೇಲೆ ನೀನು ಹನ್ನೆರಡು ನಲವತ್ತೈದಕ್ಕೆ ನಲವತ್ತೆರಡು ಕಾಣುತ್ತೀಯ. ಅವರಿಗೆ ಒಂದು ಗಂಟೆಗೆ ಏನೂ ಇಲ್ಲದಿದ್ದರೆ ನಿನಗೆ ಒಂದು ಇಪ್ಪತ್ತೈದಕ್ಕೆ ಏನೂ ಇಲ್ಲ. ಹದಿನೇಳು ದಿನವೂ ಹೀಗೇ. ಒಂಬತ್ತು ಕಿಲೋಮೀಟರಿಗೆ ಇಪ್ಪತ್ತೈದು ನಿಮಿಷ. ಒಂದೇ ರಸ್ತೆಯ ಎರಡು ಚೆಕ್‌ಪೋಸ್ಟಿನಲ್ಲಿ ಲಾರಿ ಎಣಿಸಿ ಕೂಡಿಸಿದ ಹಾಗಾಗಿದೆ ನಿಮ್ಮ ಲೆಕ್ಕ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೇ ಆ ತಪ್ಪು ಮಾಡಿ ಬೈಸಿಕೊಂಡಿದ್ದೆ. ನಿಮ್ಮ ಒಟ್ಟು ಸಂಖ್ಯೆಯಲ್ಲಿ ಹೆಚ್ಚುಕಡಿಮೆ ಅರ್ಧ ಸುಳ್ಳು.

ಅಪ್ಪನ ಲೆಕ್ಕದಲ್ಲಿ ತಪ್ಪು ಹುಡುಕಲು ಹೊರಟವಳು ಮೊದಲು ತನ್ನ ಲೆಕ್ಕ ಸರಿಮಾಡಿಕೊಳ್ಳಲಿ.

ಸಮಯದ ಕಲಮಿನ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

ಅಪ್ಪ


ಏಪ್ರಿಲ್ 11

ಅಪ್ಪನಿಗೆ,

ನಿಮ್ಮ ಪತ್ರ ಓದಿ ಮೊದಲು ಹರಿದು ಹಾಕೋಣ ಅನ್ನಿಸಿತು. ಸೇತುವೆ ದಾಟಿದ ಹಕ್ಕಿಗಳು ನದಿ ಹಿಡಿದು ಪಶ್ಚಿಮಕ್ಕೆ ತಿರುಗುತ್ತವೆ, ಸಂದಿನಲ್ಲಿ ದಾಟುವವು ಬೇರೆ ಎಂದು ನಾವಿಬ್ಬರೂ ನಂಬಿದ್ದೆವು. ತಿರುವು ಕಾಣದಂತೆ ನಡುವೆ ಒಂದು ಗುಡ್ಡ ಅಡ್ಡ ಇದೆ. ಯಾರೂ ಹೋಗಿ ನೋಡಿರಲಿಲ್ಲ.

ಡ್ರೈವರಣ್ಣ ಕೆಂಡವಾದರು. "ಹಂಗಾದ್ರೆ ನಾನು ಒಂದು ತಿಂಗಳು ಕತ್ತು ನೋಯಿಸ್ಕೊಂಡಿದ್ದು ತಮಾಷೆಗಾ? ನಿಮ್ಮಪ್ಪ ಮನೇಲಿ ಕೂತು ಫ್ಯಾನ್ ಕೆಳಗೆ ಹಕ್ಕಿ ಕಂಡ್ರಾ?" ಅಂದರು. ಎರಡು ದಿನ ಮೇಲೆ ಬರಲೇ ಇಲ್ಲ. ಮೂರನೆಯ ದಿನ ಸಂಜೆ ಸೈಕಲ್ ತಳ್ಳಿಕೊಂಡು ಮೇಲೆ ಬಂದು ಮೇಜಿನ ಮುಂದೆ ನಿಂತರು. "ಎಡಗಡೆ ರೆಕ್ಕೇಲಿ ಎರಡು ಗರಿ ಉದುರಿ ಸಂದು ಬಿದ್ದಿರೋ ಜೇನುಗಿಡುಗ ಏನಾದ್ರೂ ಬಂತಾ?" ನನ್ನ ಪಟ್ಟಿಯಲ್ಲಿತ್ತು. ಅವರಿಗೆ ಹನ್ನೆರಡು ಹತ್ತಕ್ಕೆ, ನನಗೆ ಹನ್ನೆರಡು ಮೂವತ್ತಾರಕ್ಕೆ. ಸ್ಟೂಲಿನ ಮೇಲೆ ಕೂತರು. ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿ, "ನಿಮ್ಮಪ್ಪ ಗಟ್ಟಿಗ ಕಣಮ್ಮ" ಅಂದರು.

ಈಗ ಸೇತುವೆಯ ಹತ್ತಿರದ ಎಣಿಕೆ ನಿಲ್ಲಿಸಿದ್ದೇವೆ. ಇಬ್ಬರೂ ಮೇಲೇ ಇದ್ದೇವೆ. ಒಬ್ಬರು ಆಕಾಶದಿಂದ ಕಣ್ಣು ತೆಗೆಯದೆ ಎಣಿಸಬೇಕು, ಇನ್ನೊಬ್ಬರು ಬರೆಯಬೇಕು. ಈವರೆಗಿನ ಒಟ್ಟು ಆರು ಸಾವಿರದ ಇನ್ನೂರ ನಲವತ್ತು ಎಂದು ಸಂಘ ಆಗಲೇ ಪೇಪರಿಗೆ ಕೊಟ್ಟಿತ್ತು. ಅದನ್ನು ಹೊಡೆದು ಹಾಕಿ ಮೂರು ಸಾವಿರದ ಮುನ್ನೂರ ಹತ್ತು ಎಂದು ಬರೆದೆ. ಕಾರ್ಯದರ್ಶಿಗೆ ರೇಗಿತು. "ಯಾರಿಗೆ ಗೊತ್ತಾಗುತ್ತೆ? ಅವರು ಸುಳ್ಳು ಹೇಳಿಲ್ವಾ?" ಅಂದರು. ಅವರು ಹೇಳಿದರು ಅಂತ ನಾವೂ ಹೇಳುವುದಾದರೆ ಇಷ್ಟು ದಿನ ಬಿಸಿಲಲ್ಲಿ ಕೂತದ್ದು ಯಾಕೆ, ಮನೆಯಲ್ಲೇ ಕೂತು ಬಾಯಿಗೆ ಬಂದ ಸಂಖ್ಯೆ ಬರೆಯಬಹುದಿತ್ತಲ್ಲ ಎಂದೆ. "ಹಾಗಾದ್ರೆ ವಿಚಾರಣೆಗೆ ನೀನೇ ಹೋಗು, ನಾನು ಬರಲ್ಲ" ಎಂದು ಹೊರಟುಹೋದರು.

ವಿಚಾರಣೆ ಏಪ್ರಿಲ್ ಇಪ್ಪತ್ತೆರಡಕ್ಕೆ, ನಿಮ್ಮ ಹಳೆಯ ಆಫೀಸಿನ ಸಭಾಂಗಣದಲ್ಲಿ. ಇಡೀ ಋತುವಿನಲ್ಲಿ ಅತಿ ಹೆಚ್ಚು ಹಕ್ಕಿ ದಾಟುವ ವಾರ ಅದು. ಬೇಕೆಂದೇ ಇಟ್ಟಿದ್ದಾರೆ. ನಾವು ಗುಡ್ಡ ಬಿಡುವುದಿಲ್ಲ. ನಮ್ಮ ಲೆಕ್ಕದ ಕಾಗದ ಅಂಚೆಯಲ್ಲಿ ಹೋಗುತ್ತದೆ. ಅದರ ಪರವಾಗಿ ಮಾತಾಡಲು ಅಲ್ಲಿ ಯಾರೂ ಇರುವುದಿಲ್ಲ.

ನನ್ನ ತಪ್ಪು ನೀವು ತೋರಿಸಿದಿರಿ, ನಾನು ಒಪ್ಪಿಕೊಂಡೆ. ಈಗ ನಿಮ್ಮ ಸರದಿ.

ಆಸ್ಪತ್ರೆಯವರು ಕೆಲಸದಿಂದ ತೆಗೆದಿದ್ದಾರೆ. ಕಾಗದ ಇಲ್ಲಿಗೇ ಬಂತು. ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಹನ್ನೆರಡಾಯಿತು, ಎದ್ದು ಕುರ್ಚಿಗೆ ಹೋದೆ.

ಮಗಳು


ಏಪ್ರಿಲ್ 15

ಮೊಂಡಿಗೆ,

ಸಾಧ್ಯವಿಲ್ಲ.

ಆ ಆಫೀಸಿನ ಗೋಡೆಯ ಮೇಲೆ ನನ್ನ ಫೋಟೋ ಇದೆ. ಅಲ್ಲಿನ ಜವಾನನಿಂದ ಹಿಡಿದು ಎಲ್ಲರೂ ಇವತ್ತಿಗೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಅವರ ಮುಂದೆ ನನ್ನ ಸಹಿ ಸುಳ್ಳು ಎಂದು ಹೇಳು ಅನ್ನುತ್ತೀಯ. ಇನ್ನು ಈ ವಿಷಯ ಬರೆಯಬೇಡ.

ಅಪ್ಪ


ಏಪ್ರಿಲ್ 18

ಅಪ್ಪನಿಗೆ,

ಬರೆಯುವುದಿಲ್ಲ. ಇವತ್ತು ಮುನ್ನೂರ ತೊಂಬತ್ತು ದಾಟಿದವು. ನಿಮ್ಮ ಫೋಟೋ ಗೋಡೆಯ ಮೇಲೆ ಭದ್ರವಾಗಿರಲಿ.

ನಾನು ಸೋತು ಮನೆಗೆ ಬರುತ್ತೇನೆ ಎಂದುಕೊಳ್ಳಬೇಡಿ. ಯಂತ್ರ ನಿಲ್ಲಿಸಿದರೆ ಅದರ ಕೆಳಗೇ ಕುರ್ಚಿ ಹಾಕಿಕೊಂಡು ಬೀಳುವ ಹಕ್ಕಿಗಳನ್ನು ಎಣಿಸುತ್ತೇನೆ. ಆ ಪಟ್ಟಿಯನ್ನೂ ನಿಮಗೇ ಕಳಿಸುತ್ತೇನೆ. ತಪ್ಪಿದ್ದರೆ ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿ.

ಮಗಳು


ಏಪ್ರಿಲ್ 23

ಮಗಳೇ,

ನಿನ್ನೆ ವಿಚಾರಣೆಗೆ ಹೋಗಿದ್ದೆ. ಮಾತಾಡುವ ಉದ್ದೇಶವಿರಲಿಲ್ಲ. ಏನು ಹೇಳುತ್ತಾರೋ ಕೇಳಿಕೊಂಡು ಬರೋಣ ಎಂದು ಕೊನೆಯ ಸಾಲಿನಲ್ಲಿ ಕೂತೆ. ನಿಮ್ಮಮ್ಮ ಕರೆಯದಿದ್ದರೂ ನೀರಿನ ಬಾಟಲಿ ಹಿಡಿದು ಬಂದಿದ್ದಳು.

ಗಾಳಿಯಂತ್ರದ ಕಂಪನಿಯ ವಕೀಲ, ಚಿಕ್ಕ ವಯಸ್ಸಿನವನು, ಎದ್ದು ನಿನ್ನ ಕಾಗದ ಎತ್ತಿ ತೋರಿಸಿದ. "ಮೊದಲು ಆರು ಸಾವಿರ ಅಂದ್ರು, ಈಗ ಮೂರು ಸಾವಿರ ಅಂತಾರೆ. ನಾಳೆ ಮೂರೇ ಅಂತಾರೇನೋ" ಅಂದ. ಸಭೆಯಲ್ಲಿ ನಗು. ಆಮೇಲೆ ನನ್ನ ವರದಿ ತೆಗೆದು, "ಇದು ಮೂವತ್ತೊಂದು ವರ್ಷ ಸೇವೆ ಮಾಡಿದ, ಒಂದು ಕಪ್ಪುಚುಕ್ಕೆ ಇಲ್ಲದ ಸರ್ವೇಯರ್ ಕೊಟ್ಟ ಲೆಕ್ಕ" ಎಂದು ಓದತೊಡಗಿದ. ನನ್ನನ್ನು ಹೊಗಳುತ್ತ ನಿನ್ನನ್ನು ತುಳಿಯುತ್ತಿದ್ದ. ನಾನು ಯಾವಾಗ ಎದ್ದು ನಿಂತೆನೋ ನನಗೇ ಗೊತ್ತಾಗಲಿಲ್ಲ.

"ಕೂತ್ಕೊಳ್ಳಿ ಸಾರ್, ನಿಮ್ಮ ಸರದಿ ಬರುತ್ತೆ" ಅಂದ.

"ನನ್ನ ಸರದಿ ಎಂಟು ವರ್ಷದ ಹಿಂದೆ ಬಂದಿತ್ತು. ಆಗ ಕೂತ್ಕೊಂಡೆ. ಈಗ ಕೂರಲ್ಲ" ಅಂದೆ.

ಅಲ್ಲಿ ಹೇಳಿದ್ದನ್ನು ನಿನಗೂ ಬರೆಯುತ್ತೇನೆ. ಐದು ದಿನ ಜೀಪು ಹನ್ನೆರಡಕ್ಕೆ ವಾಪಸಾಯಿತು, ನೀನು ಹೇಳಿದ ಹಾಗೆಯೇ. ಹನ್ನೊಂದು ಹಕ್ಕಿ ಕಂಡದ್ದು ನಿಜ. ಆರನೆಯ ದಿನ ಜೀಪು ಕೆಟ್ಟಿತು. ಮೆಕ್ಯಾನಿಕ್ ಬರುವ ತನಕ ಮೂರೂವರೆವರೆಗೆ ಆ ಸಂದಿನಲ್ಲೇ ಕೂತಿದ್ದೆ. ಆವತ್ತು ನಾನು ನೋಡಿದೆ. ಮೊದಲು ಐದಾರು, ಆಮೇಲೆ ಆಕಾಶದ ತುಂಬ. ಬಾನೆಟ್ಟಿನ ಮೇಲೆ ಕಾಗದ ಇಟ್ಟು ಗೆರೆ ಹಾಕುತ್ತ ಹೋದೆ. ನಾಲ್ಕುನೂರ ಹನ್ನೆರಡು. ಮಾರನೆಯ ಬೆಳಗ್ಗೆ ಆ ಕಾಗದ ಹಿಡಿದು ಸಾಹೇಬರ ಮುಂದೆ ನಿಂತೆ. "ವರದಿ ಆಗಲೇ ಟೈಪ್ ಆಗಿದೆಯಲ್ಲಾ" ಅಂದರು. ಬೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ಅಷ್ಟೇ ಅಂದರು, ಪೆನ್ನು ಮುಂದೆ ಚಾಚಿದರು. ನಾನು ಸಮಯದ ಕಲಮು ತುಂಬಲಿಲ್ಲ. ತುಂಬದೆ ಬಿಟ್ಟರೆ ಸುಳ್ಳು ಬರೆದ ಹಾಗಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸಹಿ ಹಾಕಿದೆ.

ಇಷ್ಟು ಹೇಳಿ ಮುಗಿಸಿದೆ. ವಕೀಲ, "ಗೊತ್ತಿದ್ದೂ ತಪ್ಪು ವರದಿಗೆ ಸಹಿ ಹಾಕಿದ್ರೆ ಏನಾಗುತ್ತೆ ಗೊತ್ತಾ ಸಾರ್?" ಅಂದ.

"ಗೊತ್ತು. ಅದನ್ನೂ ಬರ್ಕೊಳ್ಳಿ. ಪೆನ್ನು ಕೊಡಿ, ಅದಕ್ಕೂ ಸಹಿ ಹಾಕ್ತೀನಿ. ಅವಳ ಲೆಕ್ಕದಲ್ಲಿ ತಪ್ಪು ಹಿಡಿದೋನು ನಾನು. ವಾರ ಕಳೆಯೋದ್ರೊಳಗೆ ಅವಳು ಅರ್ಧಕ್ಕರ್ಧ ಹೊಡೆದು ಹಾಕಿದ್ಲು. ನಾನು ಎಂಟು ವರ್ಷ ತಗೊಂಡೆ. ಯಾರ ಲೆಕ್ಕ ನಂಬಬೇಕು ಅಂತ ನೀವೇ ನೋಡಿ" ಅಂದೆ. ಬರೆದುಕೊಂಡರು. ಸಹಿ ಹಾಕಿದೆ. ಗೆರೆ ನೇರವಾಗಿಯೇ ಬಂತು.

ಸಂಜೆ ಆದೇಶವಾಯಿತು. ಹಳೆಯ ವರದಿ ರದ್ದು. ಒಂದು ಪೂರ್ತಿ ಋತು, ದಿನವಿಡೀ ಎಣಿಸಿ ಮುಗಿಯುವ ತನಕ ಸಂದಿನಲ್ಲಿ ಒಂದು ಗುಂಡಿಯನ್ನೂ ತೋಡುವಂತಿಲ್ಲ. ನನಗೆ ನೋಟಿಸು ಕೈಯಲ್ಲೇ ಕೊಟ್ಟರು. ಮೇ ಆರರಂದು ನನ್ನ ಮೇಲಿನ ವಿಚಾರಣೆ. ಹೊರಗೆ ಬರುವಾಗ ಜವಾನ ಎದ್ದು ನಿಲ್ಲಲಿಲ್ಲ. ಅಷ್ಟು ನೋವಾಗುತ್ತದೆ ಎಂದುಕೊಂಡಿರಲಿಲ್ಲ. ಆದರೆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಆ ನಾಲ್ಕುನೂರ ಹನ್ನೆರಡನ್ನು ನಿನ್ನ ಪಟ್ಟಿಗೆ ಸೇರಿಸಬೇಡ. ನಾನು ಅವು ಸುತ್ತುವಾಗಲೇ ಎಣಿಸಿದ್ದೆ. ಅದು ತಪ್ಪೆಂದು ನಿನ್ನ ಮೊದಲ ಪತ್ರ ಓದಿದ ಮೇಲೆ ತಿಳಿಯಿತು.

ಅಪ್ಪ

ಅಮ್ಮ: ನಾನೂ ಅಲ್ಲೇ ಇದ್ದೆ. ಇವರು ಬರೆದಿಲ್ಲ, ನಾನು ಬರೀತೀನಿ. ಪೆನ್ನು ಕೊಡಿ ಅಂದಾಗ ಇವರ ದನಿ ಆಫೀಸಿನ ಹೊರಗಿನ ರಸ್ತೆಗೂ ಕೇಳಿಸ್ತು.


ಏಪ್ರಿಲ್ 27

ಅಪ್ಪನಿಗೆ,

ನಿಮ್ಮ ಪತ್ರವನ್ನು ಮೊದಲು ಒಬ್ಬಳೇ ಓದಿದೆ, ಆಮೇಲೆ ಡ್ರೈವರಣ್ಣನಿಗೆ ಓದಿ ಹೇಳಿದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಬಿಸಿಲು ಜಾಸ್ತಿ ಇವತ್ತು" ಅಂದರು. ಮೋಡವಿತ್ತು.

ಇಪ್ಪತ್ತೆರಡರಂದು ಇಲ್ಲಿ ಏಳುನೂರ ಆರು ದಾಟಿದವು. ಈ ಋತುವಿನಲ್ಲಿ ಅದೇ ಅತಿ ಹೆಚ್ಚು. ಆ ಹೊತ್ತಿಗೆ ನೀವು ಅಲ್ಲಿ ನಿಂತಿದ್ದಿರಿ ಎಂದು ನನಗೆ ಗೊತ್ತಿರಲಿಲ್ಲ. ನಿಮ್ಮನ್ನು ಮನಸ್ಸಿನಲ್ಲೇ ಬೈಯುತ್ತ ಎಣಿಸುತ್ತಿದ್ದೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ, ಕೈ ಬರಲಿಲ್ಲ. ಎಂಟು ವರ್ಷ, ಅಪ್ಪ! ಆ ಮಧ್ಯಾಹ್ನ ನೀವು ಕಂಡದ್ದನ್ನು ಒಂದೇ ಒಂದು ಸಲ ನನಗೆ ಹೇಳಿದ್ದರೆ ನಾವಿಬ್ಬರೂ ಯಾವಾಗಲೋ ಇಲ್ಲಿ ಬಂದು ಕೂರುತ್ತಿದ್ದೆವು. ಈ ಸಿಟ್ಟು ಬೇಗ ಇಳಿಯುವಂಥದ್ದಲ್ಲ. ಇಳಿದಿದೆ ಎಂದು ಸುಳ್ಳು ಬರೆಯುವುದೂ ಇಲ್ಲ, ಅದನ್ನು ನೀವೇ ಕಲಿಸಿದ್ದು.

ನೋಟಿಸಿಗೆ ವಕೀಲರನ್ನು ಹಿಡಿಯಿರಿ. ತಲೆ ತಗ್ಗಿಸಿಕೊಂಡು ಹೋಗಬೇಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ. ಎದ್ದು ನಿಲ್ಲದ ಜವಾನನನ್ನು ನೀವೇ ಮೊದಲು ಮಾತಾಡಿಸಿ.

ಮೇ ಆರಕ್ಕೆ ಹಕ್ಕಿಗಳು ಇನ್ನೂ ದಾಟುತ್ತಿರುತ್ತವೆ. ಡ್ರೈವರಣ್ಣ ಒಬ್ಬರಿಂದ ಆಗುವುದಿಲ್ಲ, ಆವತ್ತಿನ ಲೆಕ್ಕ ತಪ್ಪುತ್ತದೆ. ತಪ್ಪಲಿ. ನಾನು ಐದರಂದೇ ಹಾಲಿನ ವ್ಯಾನಿನಲ್ಲಿ ಇಳಿದು ಬರುತ್ತೇನೆ. ಅವರು ನಿಮ್ಮನ್ನು ಕೂಗಿದಾಗ ನಾನೂ ನಿಮ್ಮ ಜೊತೆ ಎದ್ದು ನಿಲ್ಲುತ್ತೇನೆ.

ನಿಮ್ಮ ಮೊಂಡಿ